ಅಂಗೈಯಗಲದ ತುಂಡು

ಮೋಟಾರು ಗಾಡಿಯ ಅಂಗಗಳಲ್ಲೆಲ್ಲ ಏಟು ತಿನ್ನುವುದಕ್ಕೆಂದೇ ಹುಟ್ಟಿದ ಅಂಗ ಬಂಪರು. ಎಂಜಿನಿಗೆ ಎಳೆಯುವ ಕೆಲಸ, ದೀಪಕ್ಕೆ ಬೆಳಗುವ ಕೆಲಸ, ಹಾರನ್ನಿಗೆ ಅರಚುವ ಕೆಲಸ. ಬಂಪರಿಗೆ ಮಾತ್ರ ಎಲ್ಲರಿಗಿಂತ ಮುಂದೆ ನಿಂತು ಪೆಟ್ಟು ತಿನ್ನುವ ಕೆಲಸ. ಹಳೆಯ ಕಾಲದ ಬಂಪರು ಈ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿತ್ತು. ನಮ್ಮ ಮುಂಬಯಿಯ ಕರಿ ಹಳದಿ ಪದ್ಮಿನಿ ಟ್ಯಾಕ್ಸಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಆ ಗಾಡಿಗೆ ಹಿಂದೆ ಮುಂದೆ ಕ್ರೋಮಿನ ಹೊಳಪು ಕೊಟ್ಟ ಉಕ್ಕಿನ ಪಟ್ಟಿ. ಸ್ಟ್ಯಾಂಡಿನಲ್ಲಿ ಹಿಂದಿನವನು ಮುಂದಿನವನನ್ನು ಮೆಲ್ಲಗೆ ಒತ್ತಿ ಜಾಗ ಮಾಡಿಕೊಳ್ಳುತ್ತಿದ್ದ. ಯಾರೂ ಇಳಿದು ನೋಡುತ್ತಿರಲಿಲ್ಲ. ತಗ್ಗು ಬಿದ್ದರೆ ಬಿಚ್ಚಿ, ಸುತ್ತಿಗೆಯಿಂದ ನಾಲ್ಕು ಬಡಿದು, ಮತ್ತೆ ಬಿಗಿಯುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿದಾಗ, ಪೆಟ್ಟು ತಿಂದು ಸುಮ್ಮನಿರುವ ಆ ಬಂಪರೂ ಅವುಗಳೊಡನೆ ಈ ಊರಿನ ಟ್ಯಾಕ್ಸಿ ಸ್ಟ್ಯಾಂಡುಗಳಿಂದ ಮರೆಯಾಯಿತು.

ಅಷ್ಟು ಹೊತ್ತಿಗಾಗಲೇ ಲೋಕ ಬಹಳ ಮುಂದೆ ಹೋಗಿತ್ತೆನ್ನಿ. 1968ರಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿ ತನ್ನ ಜಿಟಿಒ ಗಾಡಿಗೆ ಮೈಬಣ್ಣದ್ದೇ ಆದ, ಬಾಗಿ ಮತ್ತೆ ನೆಟ್ಟಗಾಗುವ ಬಂಪರನ್ನು ತೊಡಿಸಿತು. 1972ರಲ್ಲಿ ಫ್ರಾನ್ಸಿನ ರೆನೋ 5 ಪ್ಲಾಸ್ಟಿಕ್ಕಿನ ಬಂಪರಿನೊಡನೆ ರಸ್ತೆಗೆ ಬಂದಿತು. ಈಗ ನಮ್ಮ ನಿಮ್ಮ ಮನೆಯ ಗಾಡಿಗಳಲ್ಲಿ ಕಣ್ಣಿಗೆ ಕಾಣುವ ಬಂಪರು ನಿಜವಾಗಿ ಬಂಪರಲ್ಲ, ಅದರ ಅಂಗಿ. ಪೆಟ್ಟು ತಡೆಯುವ ಉಕ್ಕಿನ ತೊಲೆ ಒಳಗೆ ಅಡಗಿದೆ. ಎಷ್ಟೋ ಗಾಡಿಗಳಲ್ಲಿ ಅದರ ಮುಂದೆ ಒಂದು ಮೆತ್ತೆಯೂ ಉಂಟು. ಹೊರಗಿರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಒಂದಿಷ್ಟು ರಬ್ಬರು ಬೆರೆಸಿ ಎರಕ ಹೊಯ್ದ ಚರ್ಮ. ಆ ಚರ್ಮಕ್ಕೆ ಬಣ್ಣ. ಬಣ್ಣದ ಮೇಲೆ ಅಲಂಕಾರ: ನಡುವೆ ಜಾಲರಿ, ಅಲ್ಲೊಂದು ಬೆಳ್ಳಿಗೆರೆ, ಎರಡು ಮೂಲೆಗಳಲ್ಲಿ ಮಂಜಿನ ದೀಪಕ್ಕೆ ಕಪ್ಪು ಚೌಕಟ್ಟು. ಬಾಗಿಲು ಕಾಯುವವನಿಗೆ ಜರಿಪೇಟ ಸುತ್ತಿ, ಪೇಟ ನಲುಗದಂತೆ ಕಳ್ಳನನ್ನು ಹಿಡಿ ಎಂದ ಹಾಗಾಯಿತು. ಏಟು ತಿನ್ನಬೇಕಾದದ್ದನ್ನು ಇಷ್ಟು ಚೆಂದ ಮಾಡಿದ ಮೇಲೆ, ಅದಕ್ಕೊಂದು ಗೀರು ಬಿದ್ದರೂ ಮನೆಯಲ್ಲಿ ಊಟ ರುಚಿಸುವುದಿಲ್ಲ.

ನಮ್ಮ ಗಾಡಿಯಲ್ಲಿ ಬಿದ್ದುಹೋದದ್ದು ಎಡಮೂಲೆಯ ಆ ಕಪ್ಪು ಚೌಕಟ್ಟು. ಅಂಗೈಯಗಲದ ತುಂಡು. ಬೆಳಗ್ಗೆ ಗಾಡಿಗಳನ್ನು ಒರಸುವ ಹುಡುಗನ ಕೈಗೆ ಅದು ಕಳಚಿಕೊಂಡು ಬಂತಂತೆ. ಅವನು ಅದನ್ನು ಚಕ್ರಕ್ಕೆ ಒರಗಿಸಿ, ತಾನಾಗಿಯೇ ಹೋಗಿ ಕಾವಲುಗಾರನಿಗೆ ತಿಳಿಸಿದ. ಕಾವಲುಗಾರ ಸೊಸೈಟಿಯ ಕಮಿಟಿಯವರಿಗೆ ತಿಳಿಸಿದ. ನಾನು ಕಾಫಿ ಕುಡಿದು ಕೆಳಗಿಳಿಯುವ ಹೊತ್ತಿಗೆ ವಿಚಾರಣೆ ನಡೆದು ತೀರ್ಪೂ ಆಗಿಹೋಗಿತ್ತು. ಹುಡುಗ ಬಕೆಟ್ಟನ್ನೋ ಸೈಕಲ್ಲನ್ನೋ ತಗುಲಿಸಿದ್ದಾನೆ. ಪೂರ್ತಿ ಖರ್ಚು ಅವನ ಸಂಬಳದಲ್ಲಿ ಮುರಿಯಬೇಕು. ಬರುವ ತಿಂಗಳಿಂದ ಬೇರೆಯವನನ್ನು ನೋಡಬೇಕು.

ಹುಡುಗ ಯಾದಗಿರಿ ಕಡೆಯವನು. ಬೆಳಗಿನ ಎಂಟು ಗಂಟೆಯೊಳಗೆ ಇಪ್ಪತ್ತು ಗಾಡಿ ಒರಸುತ್ತಾನೆ. ಗಾಡಿಗೆ ತಿಂಗಳಿಗೆ 600 ರೂಪಾಯಿ. ಹಿಂದಿಯಲ್ಲಿ ನಡೆದ ವಿಚಾರಣೆಯಲ್ಲಿ ಅವನು ತಲೆ ತಗ್ಗಿಸಿಕೊಂಡು ಸುಮ್ಮನಿದ್ದನಂತೆ. ನಾನು ಕನ್ನಡದಲ್ಲಿ ಕೇಳಿದಾಗ ಬಾಯಿ ಬಿಟ್ಟ.

“ನಾ ಏನೂ ಮಾಡಿಲ್ರೀ ಸಾಹೇಬ್ರ. ಅರಬಿ ತಗೊಂಡು ಒರಸೀನಿ, ಅಷ್ಟ. ಕೈಯಾಗ ಬಂದಬಿಡ್ತು. ಮುರದಿದ್ರ ನಾ ಯಾಕ ಹೇಳಾಕ ಹೋಗ್ತಿದ್ದೆ?”

ಕೊನೆಯ ಮಾತು ನನಗೆ ಸರಿಯೆನಿಸಿತು. ಆದರೆ ಕಮಿಟಿಯ ಮುಂದೆ ‘ಸರಿಯೆನಿಸಿತು’ ಎಂಬುದು ಸಾಕ್ಷ್ಯವಾಗುವುದಿಲ್ಲವಷ್ಟೆ.

ಮೊದಲು ರಿಪೇರಿಯ ಲೆಕ್ಕ ನೋಡೋಣವೆಂದು ಒಂದು ದೊಡ್ಡ ಸರ್ವಿಸ್ ಸ್ಟೇಷನ್ನಿಗೆ ಹೋದೆ. ಅಲ್ಲಿ ಕಂಪ್ಯೂಟರಿನ ಮುಂದಿದ್ದ ಯುವಕ ತುಂಡನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ. “ಬಂಪರನ್ನೇ ಬದಲಿಸಿ, ಬಣ್ಣ ಹೊಡೆದುಬಿಡೋಣ ಸಾರ್, ಇನ್ಶೂರೆನ್ಸ್ ಇದೆಯಲ್ಲ” ಎಂದ. ಇನ್ಶೂರೆನ್ಸು ಇದೆ, ನಿಜ. ಆದರೆ ಅದರ ಧರ್ಮಸೂಕ್ಷ್ಮವನ್ನು ನಮ್ಮಲ್ಲಿ ಬಹುಮಂದಿ ಓದಿರುವುದಿಲ್ಲ. ಸವೆತದ ಲೆಕ್ಕ ಹಿಡಿಯಬೇಡಿರೆಂದು ಹೆಚ್ಚಿನ ಹಣ ಕಟ್ಟಿದವರ ಮಾತು ಬೇರೆ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ನೈಲಾನು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ. ಉಳಿದ ಶೇಕಡ 50 ನಮ್ಮದು. 1500 ಸಿಸಿವರೆಗಿನ ಗಾಡಿಯಾದರೆ ಪ್ರತಿ ಕ್ಲೇಮಿನಲ್ಲೂ ಮೊದಲ 1000 ರೂಪಾಯಿ ನಮ್ಮ ತಲೆಗೇ. ಇದೆಲ್ಲ ಕಳೆದು ಕೈಗೆ ಬಂದ ಪುಡಿಗಾಸಿಗಾಗಿ, ಒಂದು ವರ್ಷ ಕ್ಲೇಮು ಮಾಡದಿದ್ದರೆ ಶೇಕಡ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇಕಡ 50ಕ್ಕೆ ಏರುವ ರಿಯಾಯಿತಿ ಒಂದೇ ಏಟಿಗೆ ಸೊನ್ನೆಯಾಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದುಕೊಂಡು ನಮಸ್ಕಾರ ಹೇಳಿ ಬಂದೆ.

ನೆರೆಮನೆಯ ಹಿರಿಯರೊಬ್ಬರು ಇನ್ನೊಂದು ಉಪಾಯ ಹೇಳಿದರು: ಮುಂದೆ ಒಂದು ಉಕ್ಕಿನ ಗಾರ್ಡು ಹಾಕಿಸಿಬಿಟ್ಟರೆ ಇಂಥ ತಂಟೆಯೇ ಇರುವುದಿಲ್ಲ. ಅವರಿಗೆ ವಿನಯದಿಂದ ಅರಿಕೆ ಮಾಡಿಕೊಂಡೆ: ಅಂಥ ಗಾರ್ಡುಗಳನ್ನು ಹಾಕಿಕೊಂಡವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಹಾದಿಹೋಕನಿಗೆ ತಗುಲಿದರೆ ಪ್ಲಾಸ್ಟಿಕ್ಕು ಬಗ್ಗುತ್ತದೆ, ಉಕ್ಕು ಬಗ್ಗುವುದಿಲ್ಲ. ನಮ್ಮ ಬಣ್ಣ ಉಳಿಯಬೇಕೆಂದು ಇನ್ನೊಬ್ಬರ ಮೊಣಕಾಲು ಮುರಿಯುವುದು ನ್ಯಾಯವಲ್ಲ.

ಕೊನೆಗೆ ನಾನು ಹೋದದ್ದು ಕುರ್ಲಾದ ಸಿ.ಎಸ್.ಟಿ. ರಸ್ತೆಗೆ. ಆ ಮೂರಕ್ಷರಗಳನ್ನು ಕೇಳಿ ಬೋರೀಬಂದರಿನ ದೊಡ್ಡ ನಿಲ್ದಾಣವನ್ನು ನೆನೆಯುವವರುಂಟು. ಅವು ಸೂಚಿಸುವುದು ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ ಎಂಬ ಹೆಸರನ್ನು. 1928ರಲ್ಲಿ ಶುರುವಾಗಿ ಕೆಲವೇ ವರ್ಷ ಓಡಿ ನಿಂತುಹೋದ ಪುಟ್ಟ ರೈಲುದಾರಿ ಅದು. ಬಂಡಿ ನಿಂತು ಎಷ್ಟೋ ಕಾಲವಾದರೂ ಹೆಸರು ಉಳಿದಿದೆ. ಈಗ ಅಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿಗಳ ಸಾಲು. ಛಾವಣಿಯಿಂದ ಬಂಪರುಗಳು ಬಾಳೆಗೊನೆಗಳ ಹಾಗೆ ತೂಗುತ್ತವೆ.

ಅಂಗಡಿಯವನಿಗೆ ತುಂಡು ತೋರಿಸಿ “ಇಂಥದೊಂದು ಕೊಡಿ” ಎಂದೆ. ವರನ ಕಡೆಯವರೂ ಅಷ್ಟು ಪ್ರಶ್ನೆ ಕೇಳಲಾರರು. ಯಾವ ವರ್ಷದ್ದು? ಯಾವ ತಿಂಗಳಿನದು? ದೀಪದ ತೂತು ಇರುವುದೋ ಇಲ್ಲದ್ದೋ? ಎಡವೋ ಬಲವೋ? “ಎಡ” ಎಂದೆ. “ನಿಂತು ನೋಡುವವರ ಎಡವೋ, ಕೂತು ಓಡಿಸುವವರ ಎಡವೋ?” ಈ ವ್ಯಾಪಾರದಲ್ಲಿ ಎಡ ಬಲ ಎಂದರೆ ಗಾಡಿಯೊಳಗೆ ಮುಂದೆ ಮುಖ ಮಾಡಿ ಕೂತವನ ಎಡ ಬಲ. ಗುಡಿಯಲ್ಲಿ ದೇವರ ಬಲಗೈ ಎಂದರೆ ದೇವರದೇ ಬಲಗೈ, ಭಕ್ತನದಲ್ಲ, ಹಾಗೆಯೇ ಇದೂ. ಇದು ತಿಳಿಯದೆ ಬಲದ ತುಂಡು ಕೊಂಡು ಮನೆಗೆ ಹೋಗಿ ತಿರುಗಿ ಬರುವವರು ವಾರಕ್ಕೆ ನಾಲ್ಕು ಮಂದಿಯೆಂದು ಅವನು ನಕ್ಕ. ಆಮೇಲೆ ನೋಂದಣಿ ಪತ್ರದಲ್ಲಿರುವ ಹದಿನೇಳು ಅಕ್ಷರ ಅಂಕಿಗಳ ಚಾಸಿ ನಂಬರನ್ನು ಓದಿಸಿಕೊಂಡು ಮೊಬೈಲಿನಲ್ಲಿ ಗುದ್ದಿ, ಒಳಗಿನಿಂದ ಒಂದು ಹೊಸ ತುಂಡು ತಂದ. 380 ರೂಪಾಯಿ. ಜೊತೆಗೆ ಒಂದು ಸಣ್ಣ ಪೊಟ್ಟಣ ಇಟ್ಟ. ಅದರಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಐದು ಗುಂಡಿಗಳು, ಒಂದೊಂದಕ್ಕೆ 15 ರೂಪಾಯಿ. “ಇದಿಲ್ಲದೆ ಅದು ನಿಲ್ಲುವುದಿಲ್ಲ” ಎಂದ.

ಅಂಗಡಿಯ ಮುಂದೆಯೇ ಒಬ್ಬ ವಯಸ್ಸಾದ ಮಿಸ್ತ್ರಿ ಕುಳಿತಿದ್ದ. ಅವನು ಬಂಪರು ಬಿಚ್ಚಲೇ ಇಲ್ಲ. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಎಡಚಕ್ರದ ಮುಂದೆ ಕೈ ತೂರಿಸಲು ಜಾಗವಾಯಿತು. ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಗುಂಡಿಗಳ ನಡುಮೊಳೆಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೀಟಿ ಎಬ್ಬಿಸಿದ. ಮೊಳೆ ಎದ್ದರೆ ಗುಂಡಿಯ ಕಾಲುಗಳು ಒಳಗೆ ಕೂಡಿಕೊಂಡು ಇಡೀ ಗುಂಡಿ ಕಳಚುತ್ತದೆ. ಮೊಳೆ ಒತ್ತಿದರೆ ಕಾಲುಗಳು ಅಗಲಿಸಿ ಬಿಗಿಯುತ್ತವೆ. ಇಷ್ಟೇ ಅದರ ಮರ್ಮ. ಹೊದಿಕೆಯನ್ನು ಸರಿಸಿ, ಬಂಪರಿನ ಹಿಂಬದಿಗೆ ಕೈ ಹಾಕಿ ತಡವಿದವನು “ಹೂಂ” ಎಂದ.

ಆಮೇಲೆ ಹಳೆಯ ತುಂಡನ್ನು ಬೆಳಕಿಗೆ ಹಿಡಿದ. ಬೆನ್ನಿನಲ್ಲಿ ಕೊಕ್ಕೆಗಳಿರಬೇಕಾದ ಮೂರು ಕಡೆ ಮುರಿದ ಮೋಟುಗಳು. ಅವುಗಳ ಮೇಲೆ ಒಣಗಿದ ಹಳದಿ ಅಂಟು. ಗುಂಡಿ ಕೂರಬೇಕಾದ ತೂತುಗಳು ಖಾಲಿ. ಅವನು ಹೊಸ ತುಂಡಿನ ಬೆನ್ನಿನಲ್ಲಿದ್ದ ಸಣ್ಣ ಅಕ್ಷರಗಳನ್ನು ಉಗುರಿನಿಂದ ತೋರಿಸಿದ. ಪಾಲಿಪ್ರೊಪಿಲೀನ್ ಎಂಬುದರ ಗುರುತು ಅದು. “ಈ ಜಾತಿಯ ಪ್ಲಾಸ್ಟಿಕ್ಕಿಗೆ ಮಾಮೂಲಿ ಅಂಟು ಹಿಡಿಯುವುದಿಲ್ಲ ಸಾಹೇಬರೆ. ಕೆಲವು ದಿನ ನಿಂತಂತೆ ಕಾಣುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ.” ಇನ್ನೂ ಒಂದು ಮಾತು ಹೇಳಿದ. ಹೊಸದಾಗಿ ಮುರಿದರೆ ಕಪ್ಪು ಪ್ಲಾಸ್ಟಿಕ್ಕು ಮುರಿದ ಅಂಚಿನಲ್ಲಿ ಬೆಳ್ಳಗೆ ಬಿಳಿಚಿಕೊಂಡಿರುತ್ತದೆ. ಇದರ ಅಂಚಿನಲ್ಲಿ ಎರಡು ಮಳೆಗಾಲದ ಕೆಸರು ಮೆತ್ತಿಕೊಂಡಿದೆ.

ಲೆಕ್ಕ ಅಲ್ಲಿಗೆ ಸರಿಹೋಯಿತು. ಎರಡು ವರ್ಷದ ಹಿಂದೆ ನಿಂತಿದ್ದ ಗಾಡಿಗೆ ಯಾರೋ ಟೆಂಪೋದವನು ಉಜ್ಜಿಕೊಂಡು ಹೋದಾಗ, ಒಂದು ಗ್ಯಾರೇಜಿನಲ್ಲಿ ಬಂಪರಿಗೆ ಬಣ್ಣ ಹೊಡೆಸಿದ್ದೆವು. ಬಣ್ಣ ಹೊಡೆಯಲು ತುಂಡನ್ನು ಕಿತ್ತವರು ಕೊಕ್ಕೆ ಮುರಿದಿದ್ದರು. ಮುರಿದದ್ದನ್ನು ಹೇಳದೆ, 15 ರೂಪಾಯಿಯ ಗುಂಡಿಗಳನ್ನೂ ಹಾಕದೆ, ಅಂಟು ಸವರಿ ಒತ್ತಿ ಕಳಿಸಿದ್ದರು. ಬಣ್ಣವೇನೋ ಕನ್ನಡಿಯಂತಿತ್ತು, ಎಲ್ಲರೂ ಹೊಗಳಿದ್ದರು.

ಇದನ್ನು ಯೋಚಿಸುತ್ತ ಕುಳಿತಾಗ ನನಗೆ ನಮ್ಮ ಸಂಘದ ನೆನಪಾಯಿತೆಂದರೆ ವಾಚಕರು ಕ್ಷಮಿಸಬೇಕು. ನವೆಂಬರಿನ ರಾಜ್ಯೋತ್ಸವದಲ್ಲಿ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂರುವ ನಾವೆಲ್ಲ ಚೌಕಟ್ಟಿನ ಜಾತಿ. ಬೆಳಗಿನಿಂದ ಕುರ್ಚಿ ಹೊತ್ತು, ಮೈಕಿನ ತಂತಿ ಎಳೆದು, ಉಪ್ಪಿಟ್ಟು ಕಡಿಮೆ ಬೀಳದಂತೆ ನೋಡಿಕೊಂಡು, ಫೋಟೋ ತೆಗೆಯುವ ಹೊತ್ತಿಗೆ ಕಾಣೆಯಾಗುವ ನಾಲ್ಕೈದು ಮಂದಿ ಗುಂಡಿಯ ಜಾತಿ. ಅವರಿಲ್ಲದೆ ಸಭೆ ಒಂದು ವರ್ಷ ಅಂಟಿನ ಬಲದಲ್ಲಿ ನಿಲ್ಲಬಹುದು. ಮುಂದೊಂದು ದಿನ ಯಾರೋ ಬಟ್ಟೆ ತಾಕಿಸಿದರೆ ಸಾಕು, ಕಳಚಿಕೊಳ್ಳುತ್ತದೆ. ಆಗ ನಾವು ಹಿಡಿಯುವುದು ಬಟ್ಟೆ ತಾಕಿಸಿದವನನ್ನು!

ಹಳೆಯ ತುಂಡನ್ನು ಬಿಸಾಡದೆ ಕಾಗದದಲ್ಲಿ ಸುತ್ತಿಕೊಂಡು ಬಂದೆ. ಭಾನುವಾರ ಸಂಜೆ ಕಮಿಟಿಯವರ ಮುಂದಿಟ್ಟು, ಕೆಸರು, ಅಂಟು, ಖಾಲಿ ತೂತು ಎಲ್ಲವನ್ನೂ ತೋರಿಸಿದೆ. ತುಂಡು ಕೈಯಿಂದ ಕೈಗೆ ಸುತ್ತು ಬಂತು. ಒಬ್ಬರು ಕನ್ನಡಕ ಹಾಕಿಕೊಂಡು ನೋಡಿ “ಹೌದು, ಹಳೆಯ ಮುರಿತವೇ” ಎಂದು ಒಪ್ಪಿದರು. ತೀರ್ಪು ಹೇಳಿದವರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು “ಆದರೂ ಹುಡುಗ ಜೋರಾಗಿ ಒರಸುತ್ತಾನೆ” ಎಂದರು. ಸಂಬಳ ಮುರಿಯುವ ಮಾತು ಬಿದ್ದುಹೋಯಿತು, ಕೆಲಸವೂ ಉಳಿಯಿತು. ಆದರೆ ಆ ನಾಲ್ಕು ದಿನಗಳಲ್ಲಿ ಎರಡು ಮನೆಯವರು ಆಗಲೇ ಬೇರೊಬ್ಬನನ್ನು ಗೊತ್ತು ಮಾಡಿಕೊಂಡಿದ್ದರು. ಅವರನ್ನು ಕೇಳಿದರೆ “ಅವನಿಗೆ ಮಾತು ಕೊಟ್ಟುಬಿಟ್ಟೆವಲ್ಲ” ಎಂದರು. ಮಾತಿಗೆ ತಪ್ಪದವರೇ, ಸಂಶಯವಿಲ್ಲ. ತಿಂಗಳಿಗೆ 1200 ರೂಪಾಯಿ ಆ ಹುಡುಗನ ಪಾಲಿಗೆ ಹೋಯಿತು. ನನ್ನ ಹೆಂಡತಿ ಅಂದು ರಾತ್ರಿ ಕೇಳಿದಳು: “ಆ ತುಂಡಿನ ಖರ್ಚು ಒಟ್ಟು ಎಷ್ಟಾಯಿತು?” ತುಂಡು, ಗುಂಡಿ, ಮಿಸ್ತ್ರಿಯ ಕೂಲಿ ಸೇರಿಸಿ ಹೇಳಹೊರಟವನು ಸುಮ್ಮನಾದೆ, ಅವಳು ಕೇಳಿದ್ದು ಆ ಲೆಕ್ಕವಲ್ಲವೆಂದು ಗೊತ್ತಾಯಿತು.

ಹೊಸ ತುಂಡು ಚೆನ್ನಾಗಿ ಕೂತಿದೆ. ಆದರೆ ಕೆಲವು ದಿನ ಕಳೆದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಾಡಿಯೆಲ್ಲ ಮಿರಮಿರ ಮಿಂಚುತ್ತಿದ್ದರೂ ಎಡಮೂಲೆಯ ಆ ಅಂಗೈಯಗಲದ ಜಾಗದಲ್ಲಿ ಮಾತ್ರ ಧೂಳು. ಹುಡುಗ ಅದನ್ನು ಮುಟ್ಟುತ್ತಿರಲಿಲ್ಲ. “ಅದನ್ನೂ ಒರಸೋ ತಮ್ಮಾ” ಎಂದೆ.

“ಹೊಸಾದೈತಿ, ಇರಲಿ ಬಿಡ್ರೀ ಸಾಹೇಬ್ರ. ಮಳಿ ಬಂದ್ರ ತೊಳೀತೈತಿ” ಎಂದ.

ಹೋದ ಭಾನುವಾರ ನಾನೇ ಕೆಳಗಿಳಿದು, ಅವನ ಕೈಯ ಬಟ್ಟೆ ತೆಗೆದುಕೊಂಡು ಆ ತುಂಡನ್ನು ಒರಸಿದೆ. ಆಮೇಲೆ ಅದರ ಅಂಚಿಗೆ ಬೆರಳು ಹಾಕಿ, ಅವನು ನೋಡುತ್ತಿದ್ದಂತೆಯೇ ಜೋರಾಗಿ ಎಳೆದೆ. ಅದು ಅಲುಗಲಿಲ್ಲ. “ನೀನೂ ಎಳೆದು ನೋಡು” ಎಂದೆ. ಅವನು ಒಂದು ಗಳಿಗೆ ಅನುಮಾನಿಸಿ, ಬೆರಳ ತುದಿಯಿಂದ ಸ್ವಲ್ಪ ಎಳೆದ; ಮತ್ತೆ ಸ್ವಲ್ಪ ಬಲವಾಗಿ ಎಳೆದ. ಆಮೇಲೆ ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು, ಬಕೆಟ್ಟು ಎತ್ತಿಕೊಂಡು ಮುಂದಿನ ಗಾಡಿಗೆ ಹೋದ.