ಅಂಗಿಗೆ ತಕ್ಕ ಮೈ

ಕ್ಯಾಮೆರಾ ಕೊಳ್ಳುತ್ತೇವೆಂದರೆ ಸಲಹೆ ಕೊಡಲು ಊರಿಗೆ ಹತ್ತು ಜನ ಸಿಗುತ್ತಾರೆ. ಅದೇ ಕ್ಯಾಮೆರಾವನ್ನು ಸಮುದ್ರದೊಳಗೆ ಒಯ್ಯಬೇಕು, ಅದಕ್ಕೊಂದು ನೀರು ಹೊಗದ ಪೆಟ್ಟಿಗೆ ಬೇಕು ಎಂದರೆ ಹತ್ತೂ ಜನ ಸುಮ್ಮನಾಗುತ್ತಾರೆ. ಹೌಸಿಂಗ್ ಎಂದು ಕರೆಯುವ ಆ ಪೆಟ್ಟಿಗೆಯನ್ನು ಹುಡುಕುತ್ತ ನಾವು ಮೂವರು ಗೆಳೆಯರು ಕಳೆದ ಮಳೆಗಾಲವನ್ನಿಡೀ ಕಳೆದೆವು.

ನಮ್ಮ ಕಣ್ಣಿದ್ದುದು ನೇತ್ರಾಣಿಯ ಮೇಲೆ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ಗುಡ್ಡದಂಥ ದ್ವೀಪ ಅದು. ಬುಡದ ಬಂಡೆಗಳಲ್ಲಿ ಹವಳವಿದೆ, ಬಣ್ಣದ ಮೀನುಗಳಿವೆ. ನಮ್ಮಲ್ಲೊಬ್ಬನ ತಂದೆ ನಲವತ್ತು ವರ್ಷ ಆ ನೀರಿನಲ್ಲಿ ಬಲೆ ಬೀಸಿದವರು. ಅಲ್ಲಿಯ ಒಂದು ಬಂಡೆ ಅವರ ಬಲೆಯನ್ನು ಎಷ್ಟು ಸಲ ಹರಿದಿದೆಯೋ ಲೆಕ್ಕವಿಲ್ಲ. ಅದನ್ನೊಮ್ಮೆ ನೋಡಬೇಕೆಂಬುದು ಅವರ ಹಟ. ಗ್ಲಾಕೋಮಾದಿಂದ ಒಂದು ಕಣ್ಣು ಹೋಗಿದೆ, ಇನ್ನೊಂದು ಮಸುಕಾಗುತ್ತಿದೆ. ಸಣ್ಣ ಕ್ಯಾಮೆರಾದಲ್ಲಿ ತೆಗೆದ ವಿಡಿಯೋ ತೋರಿಸಿದರೆ ‘ಬರೀ ಹಸಿರು ಹೊಗೆ’ ಎಂದು ಹಿಂದಕ್ಕೆ ಕೊಟ್ಟಿದ್ದರು.

ನಮ್ಮ ಬಳಿ ಇದ್ದುದು ನಿಕಾನ್ ಡಿ7100. ಹೌಸಿಂಗ್ ಎನ್ನುವುದು ಚೀಲವಲ್ಲ, ಅಳತೆ ಕೊಟ್ಟು ಹೊಲಿಸಿದ ಅಂಗಿ. ಕ್ಯಾಮೆರಾದ ಒಂದೊಂದು ಗುಂಡಿಗೂ ಹೊರಗಿನಿಂದ ಒತ್ತುವ ಕಡ್ಡಿ ಇರಬೇಕು. ಹಾಗಾಗಿ ಒಂದು ಮಾದರಿಯ ಹೌಸಿಂಗಿನಲ್ಲಿ ಇನ್ನೊಂದು ಮಾದರಿ ಕೂರುವುದು ಅಪರೂಪ. ಅಲ್ಯೂಮಿನಿಯಂನದಾದರೆ ಬೆಲೆ ಒಳಗಿನ ಕ್ಯಾಮೆರಾವನ್ನೇ ಮೀರಿಸುತ್ತದೆ. ಹಾಂಗ್‌ಕಾಂಗಿನ ನಾಟಿಕ್ಯಾಮ್ ಕಂಪನಿಯದು 100 ಮೀಟರ್ ಆಳ ತಾಳುತ್ತದೆ. ಅಮೆರಿಕದ ಐಕಲೈಟ್‌ನ ಪಾರದರ್ಶಕ ಪಾಲಿಕಾರ್ಬೊನೇಟ್ ಪೆಟ್ಟಿಗೆ ಅಗ್ಗ, 60 ಮೀಟರಿಗೆ ಸಾಕು. ನಮ್ಮಂಥವರು ಇಳಿಯುವುದು ಹದಿನೈದು, ಹೆಚ್ಚೆಂದರೆ ಇಪ್ಪತ್ತು ಮೀಟರ್. ನೂರರ ಹೆಮ್ಮೆಗೆ ಹಣ ಸುರಿಯುವುದೇಕೆ?

ಆದರೆ ನಿಜವಾದ ಜಗಳ ಹುಟ್ಟಿದ್ದು ಲೆನ್ಸಿನ ವಿಷಯದಲ್ಲಿ. ಹೌಸಿಂಗಿನ ಮುಂದೆ ಲೆನ್ಸಿಗಾಗಿ ಇರುವ ಕಿಟಕಿಗೆ ಪೋರ್ಟ್ ಎನ್ನುತ್ತಾರೆ. ಚಪ್ಪಟೆ ಗಾಜಿನ ಪೋರ್ಟಾದರೆ ನೀರಿನಲ್ಲಿ ಬೆಳಕು ಬಾಗಿ ವಸ್ತು ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತದೆ. ಸಿಗಡಿಯ ಕಣ್ಣು ತೆಗೆಯುವ ಮ್ಯಾಕ್ರೋ ಲೆನ್ಸಿಗೆ ಅದು ಲಾಭವೇ. ಅಗಲ ನೋಟದ ಲೆನ್ಸಿಗೆ ಮಾತ್ರ ಗುಮ್ಮಟದಂಥ ಗಾಜು ಬೇಕು, ಇಲ್ಲದಿದ್ದರೆ ಅಗಲವೂ ಹೋಗುತ್ತದೆ, ಅಂಚಿನಲ್ಲಿ ಬಣ್ಣವೂ ಒಡೆಯುತ್ತದೆ. ನೇತ್ರಾಣಿಯ ನೀರು ಎಲ್ಲ ದಿನವೂ ತಿಳಿಯಾಗಿರುವುದಿಲ್ಲ, ಆದ್ದರಿಂದ ಮ್ಯಾಕ್ರೋ ಸಾಕೆಂದು ಒಬ್ಬ ವಾದಿಸಿದ. ಸಿಗಡಿಯ ಕಣ್ಣು ಕಟ್ಟಿಕೊಂಡು ಅಪ್ಪನಿಗೇನಾಗಬೇಕು ಎಂದ ಇನ್ನೊಬ್ಬ.

ಓದುತ್ತ ಹೋದಂತೆ ಒಂದು ವಿಚಿತ್ರ ತಿಳಿಯಿತು. ಕಲಕಿದ ನೀರಿಗೂ ಅಗಲದ ಲೆನ್ಸೇ ಮೇಲು. ಟೊಕಿನಾದ 10-17 ಮಿ.ಮೀ. ಫಿಶ್‌ಐ ಲೆನ್ಸು ತೀರ ಹತ್ತಿರದ್ದಕ್ಕೂ ಫೋಕಸ್ ಆಗುತ್ತದೆ. ಬಂಡೆಯ ಪಕ್ಕಕ್ಕೇ ಹೋಗಿ ಇಡೀ ಬಂಡೆಯನ್ನು ಹಿಡಿಯಬಹುದು. ಮಧ್ಯೆ ನೀರು ಕಡಿಮೆಯಾದಷ್ಟೂ ಕೆಸರಿನ ಕಣ ಕಡಿಮೆ. ಆಳದಲ್ಲಿ ಮೊದಲು ಮಾಯವಾಗುವುದು ಕೆಂಪು ಬಣ್ಣ. ಹತ್ತಿರವಿದ್ದರೆ ಫ್ಲಾಶ್ ಅದನ್ನೂ ಮರಳಿಸುತ್ತದೆ. ಮೇಲಾಗಿ ಈ ಲೆನ್ಸಿಗೆ ಸಣ್ಣ ಗುಮ್ಮಟವೇ ಸಾಕು, ದೊಡ್ಡದರ ಖರ್ಚಿಲ್ಲ.

ಜಗಳ ಮುಗಿಯಿತು, ಹಣದ ಚಿಂತೆ ಉಳಿಯಿತು. ದುಬೈಯಲ್ಲಿರುವ ಮೂರನೆಯವನು ದಾರಿ ಹುಡುಕಿದ. ಮುಳುಗುಗಾರರಲ್ಲಿ ಹಲವರು ಎಸ್‌ಎಲ್‌ಆರ್ ಬಿಟ್ಟು ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳತ್ತ ಹೋಗುತ್ತಿದ್ದಾರೆ. ಹಳೆಯ ಹೌಸಿಂಗುಗಳನ್ನು ಕೇಳುವವರು ಕಡಿಮೆ. ಒಬ್ಬರು ಹೌಸಿಂಗು, ಗುಮ್ಮಟ, ಫ್ಲಾಶ್ ಎಲ್ಲವನ್ನೂ ಕೊಟ್ಟುಬಿಡಲು ಸಿದ್ಧರಿದ್ದರು. ತೊಡಕು ಒಂದೇ, ಅದು ಡಿ7000ರ ಅಂಗಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ನಾವು ಹಾಸಿಗೆಗೆ ತಕ್ಕ ಕಾಲನ್ನೇ ಕೊಂಡೆವು. 2010ರಲ್ಲಿ ಬಂದ ಡಿ7000 ಈಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗ. 16 ಮೆಗಾಪಿಕ್ಸೆಲ್ ಒಬ್ಬ ಮೀನುಗಾರನಿಗೆ ಬೇಕಾದುದಕ್ಕಿಂತ ಹೆಚ್ಚೇ.

ಬಂದ ಮೇಲೆ ನಮ್ಮ ಭಯವೆಲ್ಲ ಓ-ರಿಂಗ್ ಎಂಬ ರಬ್ಬರ್ ಬಳೆಯ ಮೇಲೆ ಕೂತಿತು. ಹತ್ತು ಮೀಟರ್ ಇಳಿದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಹೆಚ್ಚಿನ ಭಾರ. ಬಳೆಯ ಮೇಲೊಂದು ತಲೆಗೂದಲು ಬಿದ್ದರೂ ನೀರು ಒಳಬರಬಹುದು. ಬಳೆಯನ್ನು ಒರೆಸಿ, ಗ್ರೀಸನ್ನು ತೆಳ್ಳಗೆ ಸವರಿ, ಕ್ಯಾಮೆರಾ ಬದಲು ಟಿಶ್ಯೂ ಕಾಗದ ತುಂಬಿ, ತೇಲದಂತೆ ಸೀಸದ ತುಂಡಿಟ್ಟು ಮುಳುಗಿಸಿದೆವು. ಕಾಗದ ಒಣಗಿಯೇ ಇತ್ತು.

ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಕಿಟಕಿಯ ಬೆಳಕಿಗೆ ಹಿಡಿದೆವು. ಅವರು ಕಾಗದವನ್ನು ಮೂಗಿನವರೆಗೆ ತಂದು ಬಹಳ ಹೊತ್ತು ನೋಡಿದರು. ಬಂಡೆಯ ಸಂದಿಯಲ್ಲಿ ಸಿಕ್ಕಿದ್ದ ನೈಲಾನ್ ಬಲೆಯ ಚೂರಿನ ಮೇಲೆ ಬೆರಳಿಟ್ಟು, ‘ಇದು ನಮ್ಮದಲ್ಲ, ನಮ್ಮ ನೂಲು ಇನ್ನೂ ದಪ್ಪ’ ಎಂದರು.