ರೂಪನಗುಡಿಯ ಎರೆಮಣ್ಣು, ಅಡುಗೆಮನೆಯ ಹಾಸುಗಲ್ಲು

ಬಳ್ಳಾರಿ ತಾಲ್ಲೂಕಿನ ನಮ್ಮ ರೂಪನಗುಡಿಗೆ ನೀವು ಬೇಸಿಗೆಯಲ್ಲಿ ಬಂದರೆ, ಹೊಲದ ಎರೆಮಣ್ಣು ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಮಳೆ ಬಿತ್ತೋ, ಅದೇ ಮಣ್ಣು ನೀರು ಕುಡಿದು ಉಬ್ಬಿ ಬಿರುಕೆಲ್ಲ ಮುಚ್ಚಿಹೋಗುತ್ತದೆ. ಹತ್ತಿ ಬೆಳೆಗೆ ಬಂಗಾರದಂಥ ಮಣ್ಣು. ಮನೆಯ ನೆಲಕ್ಕೆ ಮಾತ್ರ ಕಷ್ಟ ನೋಡ್ರಿ. ಹಳೇ ಅಡುಗೆಮನೆಗಳಲ್ಲಿ ಒಂದು ಹಾಸುಗಲ್ಲು ಎದ್ದು, ಪಕ್ಕದ್ದು ಕುಸಿಯುವುದಕ್ಕೆ ಈ ಮಣ್ಣಿನ ಆಟವೇ ಕಾರಣ.

ಹಬ್ಬದೊಳಗೆ ಟೈಲ್ಸ್ ಹಾಕಿಸಿಬಿಡೋಣ ಎಂಬ ಆತುರ ನಮಗೆಲ್ಲ ಇದ್ದದ್ದೇ. ಆದರೆ ಸೋದರಿಯರೇ, ಅಲುಗುವ ಕಲ್ಲಿನ ಮೇಲೆ ಟೈಲ್ಸ್ ಕೂಡಿಸಿದರೆ ಅವೂ ಸೀಳುತ್ತವೆ. ಕೂಡಿಟ್ಟ ದುಡ್ಡು ನೀರಲ್ಲಿ ಹೋಮ. ನಮ್ಮ ಅತ್ತೆಯವರಿಗೆ ಕಣ್ಣು ಮಂಜು. ಎದ್ದ ಕಲ್ಲಿಗೆ ಕಾಲು ತಗುಲಿ ಎರಡು ಸಲ ಮುಗ್ಗರಿಸಿದರು. ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಇದ್ದಿದ್ದರೆ ಗತಿಯೇನು? ಅದಕ್ಕೇ ನೆಲವನ್ನೇ ಮೊದಲು ಸರಿಮಾಡಿಸಿದೆವು.

ನೀವೂ ಹೀಗೆ ಮಾಡಿ. ಒಂದೊಂದೇ ಕಲ್ಲನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಡೊಬ್ ಎಂದು ಸದ್ದು ಬಂದರೆ ಕೆಳಗೆ ಪೊಳ್ಳು. ಅಂಥವೇ ಹೆಚ್ಚಿದ್ದರೆ ಕಲ್ಲೆಲ್ಲ ಎಬ್ಬಿಸಿ, ಒಂದಡಿಯಷ್ಟು ಎರೆಮಣ್ಣು ತೆಗೆಸಿ. ಗೋಡೆಯ ಬುನಾದಿಗಿಂತ ಕೆಳಗೆ ಅಗೆಯಬಾರದೆಂದು ಗೌಂಡಿಗೆ ಹೇಳಿರಿ. ಆ ಜಾಗಕ್ಕೆ ಗರಸು ತುಂಬಿ, 6 ಅಂಗುಲಕ್ಕೊಮ್ಮೆ ನೀರು ಚಿಮುಕಿಸಿ ದಿಮ್ಮಸು ಬಡಿಸಿ. ಮೇಲೆ 4 ಅಂಗುಲ ಕಾಂಕ್ರೀಟು: ಸಿಮೆಂಟು 1 ಪಾಲು, ಮರಳು 4, ಜಲ್ಲಿ 8. ಒದ್ದೆ ಗೋಣಿಚೀಲ ಹೊದಿಸಿ 7 ದಿನ ಆರಗೊಡಬೇಡಿ.

ನೀರು ಹರಿಯುವ ಕಡೆಗೆ 10 ಅಡಿಗೆ 1 ಅಂಗುಲ ಇಳಿಜಾರಿರಲಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗಿದರೆ ಮಣ್ಣು ಮತ್ತೆ ಉಬ್ಬುತ್ತದೆ. ಅದನ್ನು ದೂರ ಹೋಗುವಂತೆ ಮಾಡಿಸಿ.

ನೆಲದಲ್ಲಿ ಹೂತ ಒರಳು ಕೀಳುವಾಗ ಅತ್ತೆ, "ನಮ್ಮತ್ತಿ ರುಬ್ಬಿದ ಒರಳವ್ವ, ಬೀದಿಗೆ ಹಾಕಬ್ಯಾಡ" ಎಂದರು. ಹಿತ್ತಿಲ ಬೇವಿನ ನೆರಳಲ್ಲಿ ಇಟ್ಟೆವು; ಕೆಂಪು ಮೆಣಸಿನಕಾಯಿ ಚಟ್ನಿಗೆ ಈಗಲೂ ಅದೇ. ಒರಳಿನ ಗುಂಡಿಗೂ ಗರಸು ತುಂಬಿ ಬಡಿಸುವುದನ್ನು ಮರೆಯಬೇಡಿ.

ಇನ್ನು ಟೈಲ್ಸ್ ಕೊಳ್ಳುವಾಗ ಕನ್ನಡಿಯಂಥ ನುಣುಪಿನದು ಬೇಡ. ಎಣ್ಣೆ ನೀರು ಬಿದ್ದರೂ ಜಾರದಂಥ, ಕೊಂಚ ಒರಟಾದುದನ್ನೇ ಕೇಳಿ ತನ್ನಿ.