ಪೆನಾಂಗಿನ ಸಂಜೆ ಮತ್ತು ಉಪ್ಪನ ಪ್ರಶ್ನೆಗಳು

ಕಳೆದ ಎಪ್ರಿಲ್ ರಜೆಯಲ್ಲಿ ನಾನು ಮತ್ತು ಉಮ್ಮ ಮಲೇಷ್ಯಾದ ಪೆನಾಂಗಿಗೆ ಹೋಗಿದ್ದೆವು. ಉಮ್ಮನ ತಮ್ಮ, ಅಂದರೆ ನನ್ನ ಮಾಮ, ಅಲ್ಲಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ. ನಾಲ್ಕು ವರ್ಷಗಳಿಂದ ಅವರಿಗೆ ಊರಿಗೆ ಬರಲು ಆಗಿರಲಿಲ್ಲ. "ಈಗ ನಮ್ಮವರಿಗೆ 30 ದಿನದವರೆಗೆ ವೀಸಾ ಬೇಡ, ನೀವೇ ಬನ್ನಿ" ಎಂದು ಟಿಕೆಟ್ ಕಳುಹಿಸಿದರು. ಉಪ್ಪ ಬರಲಿಲ್ಲ. ಅವರ ಅಂಗಡಿ ಹತ್ತು ದಿನ ಮುಚ್ಚಿದರೆ ನಮ್ಮ ಮನೆ ನಡೆಯುವುದಿಲ್ಲ.

"ಅಂಗಡಿ" ಎಂದು ಬರೆದಿದ್ದೇನೆ. ಅದನ್ನು ಕೊನೆಯಲ್ಲಿ ಸರಿಮಾಡುತ್ತೇನೆ.

ರಜೆ ಮುಗಿಸಿ ಬಂದಾಗ ಗೆಳತಿಯರು ಕೇಳಿದ್ದು ಟ್ವಿನ್ ಟವರ್ ನೋಡಿದೆಯಾ ಎಂದು. ಇಲ್ಲ. ಕೌಲಾಲಂಪುರದಲ್ಲಿ ವಿಮಾನ ಇಳಿದು ನೇರ ಬಸ್ಸು ಹತ್ತಿದ್ದೆವು. ಆದರೆ ಪೆನಾಂಗಿನ ಗರ್ನಿ ಡ್ರೈವಿನಲ್ಲಿ ಒಂದು ಸಂಜೆ ಕಳೆದೆ. ಆ ಸಂಜೆಯ ಬಗ್ಗೆಯೇ ಈ ಲೇಖನ.

ಗರ್ನಿ ಡ್ರೈವ್ ಕಡಲ ಬದಿಯ ರಸ್ತೆ. ಸಂಜೆಯಾಗುತ್ತಿದ್ದಂತೆ ಅಲ್ಲಿ ಸಾಲು ಸಾಲು ತಿಂಡಿ ಅಂಗಡಿಗಳು ತೆರೆಯುತ್ತವೆ, ಮಧ್ಯರಾತ್ರಿಯವರೆಗೂ ಜನ. ನಾವು ಮಗ್ರಿಬ್ ನಮಾಜ್ ಮುಗಿಸಿ ಹೋಗುವಾಗ ಗಂಟೆ ಎಂಟು. ಪ್ಲಾಸ್ಟಿಕ್ ಮೇಜು, ಕುರ್ಚಿ, ಹೊಗೆ, ಬಾಣಲೆಗೆ ಸೌಟು ಬಡಿಯುವ ಸದ್ದು. ಒಂದು ಭಾಗ ಹಲಾಲ್. ಇನ್ನೊಂದು ಭಾಗದಲ್ಲಿ ಚೀನೀಯರ ಅಂಗಡಿಗಳು, ಅಲ್ಲಿ ಹಂದಿ ಮಾಂಸವೂ ಇರುತ್ತದೆ. ಮಾಮ ಕೈ ತೋರಿಸಿ, "ಈ ಕಡೆ ನಮ್ಮದು" ಎಂದರು, ಅಷ್ಟೇ. ನಾವು ಕೂತ ಮೇಜಿನ ಪಕ್ಕದಲ್ಲೇ ಒಂದು ಚೀನೀ ಕುಟುಂಬ ಬಂದು ಸಾತೇ ಕಟ್ಟಿಸಿಕೊಂಡು ಹೋಯಿತು.

ಸಾತೇ ಎಂದರೆ ಬಿದಿರು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸ. ಜೊತೆಗೆ ನೆಲಗಡಲೆಯ ಗಟ್ಟಿ ಗಸಿ, ಮುಳ್ಳುಸೌತೆ, ಹಸಿ ಈರುಳ್ಳಿ. ನಾವು ಕೋಳಿಯದ್ದು ಹತ್ತು ಕಡ್ಡಿ ತೆಗೆದುಕೊಂಡೆವು. 12 ರಿಂಗಿಟ್. ಆಗ ಒಂದು ರಿಂಗಿಟ್ ಅಂದರೆ ನಮ್ಮ ಸುಮಾರು 20 ರೂಪಾಯಿ ಆಗುತ್ತಿತ್ತು. ಉಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಇಷ್ಟಕ್ಕೆ ಊರಲ್ಲಿ ಒಂದು ಕೆಜಿ ಕೋಳಿ ಬರುತ್ತದೆ" ಎಂದರು. ಪ್ರತಿ ಸಲ ಹೀಗೆಯೇ. ಆಮೇಲೆ ಮಾಮ ಅವರಿಗೆ ಬೆಲೆ ಹೇಳುವುದನ್ನೇ ನಿಲ್ಲಿಸಿದರು.

ನನಗೆ ಹೆಚ್ಚು ಹಿಡಿಸಿದ್ದು ಚೆಂಡೋಲ್. ಅಕ್ಕಿ ಹಿಟ್ಟಿನ ಹಸಿರು ಎಳೆಗಳು, ತೆಂಗಿನ ಹಾಲು, ಕಪ್ಪು ಬೆಲ್ಲದ ಪಾಕ, ಮೇಲೆ ಹೆರೆದ ಮಂಜುಗಡ್ಡೆ. ಹಸಿರು ಬಣ್ಣ ಪಾಂಡನ್ ಎಲೆಯ ರಸದ್ದು. ಮೊದಲ ಚಮಚಕ್ಕೇ ಉಮ್ಮ, "ಇದು ನಮ್ಮ ಒತ್ತುಶಾವಿಗೆಗೆ ಕಾಯಿಹಾಲು ಹಾಕಿದ್ದಲ್ಲವಾ, ತಣ್ಣಗೆ ಮಾಡಿದ್ದಾರೆ" ಎಂದರು. ಸರಿಯಾಗಿಯೇ ಹೇಳಿದ್ದರು.

ಆ ಹೊತ್ತಿಗೆ ಉಪ್ಪನ ವೀಡಿಯೊ ಕಾಲ್ ಬಂತು. ಅಲ್ಲಿಯ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ಆಗ ಸಂಜೆ ಆರೂ ಆಗಿರಲಿಲ್ಲ, ಉಪ್ಪ ಒಲೆಗೆ ಇದ್ದಿಲು ತುಂಬುತ್ತಿದ್ದರು. ನಾನು ಫೋನನ್ನು ಸಾತೇ ತಟ್ಟೆಯ ಕಡೆ, ಚೆಂಡೋಲ್ ಕಡೆ ತಿರುಗಿಸಿದೆ. ಅವರು ಒಂದು ನಿಮಿಷ ನೋಡಿ ಹೇಳಿದರು:

"ತಿಂಡಿ ಸಾಕು. ಅಂಗಡಿಯ ಹಿಂದೆ ತೋರಿಸು."

ನನಗೆ ನಾಚಿಕೆಯಾಯಿತು. ಪ್ರವಾಸಕ್ಕೆ ಬಂದವರು ಯಾರಾದರೂ ಅಂಗಡಿಯ ಹಿಂದೆ ಹೋಗುತ್ತಾರೆಯೇ? ಆದರೆ ಉಪ್ಪ ಬಿಡಲಿಲ್ಲ. ನೀರು ಎಲ್ಲಿಂದ ಬರುತ್ತದೆ? ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಮಳೆ ಬಂದರೆ ಏನು ಮಾಡುತ್ತಾರೆ? ಉಳಿದದ್ದನ್ನು ಮರುದಿನ ಮಾರುತ್ತಾರಾ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ಹೊತ್ತೂ ಬರೀ ತಿಂದಿದ್ದೆ, ಫೋಟೋ ತೆಗೆದಿದ್ದೆ.

ಮಾಮ ನನ್ನನ್ನು ಪಸೆಂಬೂರ್ ಅಂಗಡಿಗೆ ಕರೆದುಕೊಂಡು ಹೋದರು. ಪಸೆಂಬೂರ್ ಪೆನಾಂಗಿನ ತಮಿಳು ಮುಸ್ಲಿಮರ ತಿಂಡಿ. ಸಿಗಡಿ ವಡೆ, ತೋಫು, ಬೇಯಿಸಿದ ಬಟಾಟೆ ಎಲ್ಲವನ್ನೂ ರಾಶಿ ಹಾಕಿರುತ್ತಾರೆ. ನಾವು ಆರಿಸಿ ಕೊಟ್ಟದ್ದನ್ನು ಕತ್ತರಿಸಿ, ಮುಳ್ಳುಸೌತೆಯ ಎಳೆ ಹಾಕಿ, ಮೇಲೆ ಸಿಹಿಗೆಣಸು ಮತ್ತು ನೆಲಗಡಲೆಯ ಸಿಹಿ-ಖಾರದ ಗಸಿ ಸುರಿಯುತ್ತಾರೆ. ಅಂಗಡಿಯ ಹಿರಿಯರ ಅಜ್ಜ ರಾಮನಾಥಪುರದ ಕಡೆಯಿಂದ ಬಂದವರಂತೆ. ಅವರ ತಮಿಳು, ಬ್ಯಾರಿ ಮಾತಾಡುವ ನನಗೆ ಅರ್ಧಕ್ಕರ್ಧ ಅರ್ಥವಾಯಿತು. ಫೋನ್ ಅವರ ಕೈಗೆ ಕೊಟ್ಟೆ. ಸಲಾಂ ಹೇಳಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ಭಾಯ್, ಏನು ವ್ಯಾಪಾರ?"

"ಕಬಾಬ್, ಆಮ್ಲೆಟ್. ಗಾಡಿ" ಎಂದರು ಉಪ್ಪ.

ಆ ಮೇಲೆ ನನ್ನನ್ನು ಇಬ್ಬರೂ ಮರೆತರು. ಅವರು ನೀರಿನ ಪೈಪ್ ತೋರಿಸಿದರು, ಎಣ್ಣೆಯ ಡಬ್ಬ ತೋರಿಸಿದರು. ಅಡುಗೆ ಮುಟ್ಟುವವರೆಲ್ಲ ಟೈಫಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡು ಸರ್ಕಾರದ ತರಬೇತಿ ಮುಗಿಸಬೇಕು, ಏಪ್ರನ್ ಮತ್ತು ತಲೆಗೆ ಟೋಪಿ ಇಲ್ಲದಿದ್ದರೆ ದಂಡ ಎಂದರು. ಉಪ್ಪ ನಕ್ಕು ಇಲ್ಲಿಯ ಕಥೆ ಹೇಳಿದರು. ಒಮ್ಮೆ ನಮ್ಮ ಗಾಡಿಯನ್ನೇ ಎತ್ತಿಕೊಂಡು ಹೋಗಿದ್ದರು, ಬಿಡಿಸಿಕೊಳ್ಳಲು ಮೂರು ದಿನ ಓಡಾಡಿದ್ದರು. ಇದು ನನಗೆ ಗೊತ್ತೇ ಇರಲಿಲ್ಲ. ಆ ಮೂರು ದಿನ ಉಪ್ಪನಿಗೆ ಜ್ವರ ಎಂದು ಉಮ್ಮ ಹೇಳಿದ್ದರು.

ಫೋನ್ ವಾಪಸು ಕೊಡುವಾಗ ಆ ಹಿರಿಯರು, "ನೀನು ಉಪ್ಪನಿಗೆ ಏನು ಸಹಾಯ ಮಾಡುತ್ತೀ?" ಎಂದು ಕೇಳಿದರು. ಮನೆಯಲ್ಲಿ ಈರುಳ್ಳಿ ಹೆಚ್ಚುತ್ತೇನೆ, ಮಸಾಲೆ ಹಚ್ಚುತ್ತೇನೆ ಎಂದೆ. "ಗಾಡಿಯ ಹತ್ತಿರ ನಿಲ್ಲುವುದಿಲ್ಲವಾ?" ಅವರ ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಮೊಮ್ಮಗಳು ಹಣ ಎಣಿಸುತ್ತಾ ಚಿಲ್ಲರೆ ಕೊಡುತ್ತಿದ್ದಳು. ನಾನು ಏನೂ ಹೇಳಲಿಲ್ಲ.

ಹಿಂದಿರುಗುವಾಗ ದಾರಿಯಲ್ಲಿ, ಉಪ್ಪ ಇಲ್ಲಿಗೇ ಬಂದು ಗಾಡಿ ಇಟ್ಟರೆ ಹೇಗೆ ಎಂದು ಮಾಮನಲ್ಲಿ ಕೇಳಿದೆ. ಅವರಿಗೆ ನಗು. 2016ರಿಂದ ಪೆನಾಂಗಿನಲ್ಲಿ ಬೀದಿ ತಿಂಡಿಯ ಅಂಗಡಿಗಳಲ್ಲಿ ವಿದೇಶಿಯರು ಅಡುಗೆಗೆ ನಿಲ್ಲುವಂತಿಲ್ಲ. ತಮ್ಮ ಊರಿನ ರುಚಿ ಕೆಡಬಾರದೆಂದು ಆ ನಿಯಮ. ಬೀದಿಯ ತಿಂಡಿಗೂ ಇಷ್ಟು ಕಾಳಜಿಯೇ ಎಂದು ನನಗೆ ಆಶ್ಚರ್ಯ. ಮಾಮ ಇನ್ನೊಂದು ವಿಷಯ ಹೇಳಿದರು. ಪೆನಾಂಗಿನ ಪ್ರಸಿದ್ಧ ಊಟ ನಾಸಿ ಕಂದರ್. "ನಾಸಿ" ಎಂದರೆ ಅನ್ನ, "ಕಂದರ್" ಎಂದರೆ ಹೆಗಲ ಮೇಲಿನ ಕೋಲು. ಕೋಲಿನ ಒಂದು ತುದಿಗೆ ಅನ್ನದ ಪಾತ್ರೆ, ಇನ್ನೊಂದಕ್ಕೆ ಸಾರಿನ ಪಾತ್ರೆ ಕಟ್ಟಿಕೊಂಡು ತಮಿಳು ಮುಸ್ಲಿಮರು ಬಂದರಿನ ಕೂಲಿಗಳಿಗೆ ಊಟ ಮಾರುತ್ತಿದ್ದರು. ಈಗ ಅದೇ ಹೆಸರಿನಲ್ಲಿ ದೊಡ್ಡ ದೊಡ್ಡ ಹೋಟೆಲುಗಳಿವೆ. ಮಾಮ ಕೆಲಸ ಮಾಡುವುದೂ ಅಂಥ ಒಂದರಲ್ಲಿ. ಕೋಲು ಎಂಬ ಹೆಸರನ್ನು ಯಾರೂ ಬೋರ್ಡಿನಿಂದ ಅಳಿಸಿಲ್ಲ.

ಈಗ ಮೊದಲು ಹೇಳಿದ್ದನ್ನು ಸರಿಮಾಡುತ್ತೇನೆ. ಪ್ರಥಮ ಪಿಯುಸಿ ಪ್ರವೇಶದ ಫಾರ್ಮಿನಲ್ಲಿ "ತಂದೆಯ ಉದ್ಯೋಗ" ಎಂಬಲ್ಲಿ ನಾನು "ಬಿಸಿನೆಸ್" ಎಂದು ಬರೆದಿದ್ದೆ. ಯಾವ ಬಿಸಿನೆಸ್ ಎಂದು ಗೆಳತಿಯರು ಕೇಳಿದಾಗ ಅಂಗಡಿ ಎಂದೆ. ಎಲ್ಲಿ ಎಂದಾಗ ಮಾತು ಬದಲಿಸಿದೆ. ಕಾಲೇಜು ಬಸ್ಸು ಆ ದಾರಿಯಲ್ಲಿ ಹೋಗುವಾಗ ಕಿಟಕಿಯಿಂದ ಮುಖ ತಿರುಗಿಸಿಕೊಂಡದ್ದೂ ಇದೆ. ಬೆಳಿಗ್ಗೆಯ ಹೊತ್ತು ಅಲ್ಲಿರುವುದು ಮುಚ್ಚಿಟ್ಟ ಗಾಡಿ ಮಾತ್ರ, ಆದರೂ.

ಊರಿಗೆ ಬಂದ ವಾರದಲ್ಲಿ ಉಪ್ಪ ನನ್ನ ಮುಂದೆ ಒಂದು ಅರ್ಜಿ ಇಟ್ಟರು. ನಮ್ಮ ದೇಶದಲ್ಲೂ 2014ರಿಂದ ಬೀದಿ ಬದಿ ವ್ಯಾಪಾರಿಗಳ ಕಾಯಿದೆ ಇದೆ, ಪ್ರಮಾಣಪತ್ರ ಸಿಗುತ್ತದೆ. ಉಪ್ಪ ಇಷ್ಟು ವರ್ಷ ಅದಕ್ಕೆ ಹಾಕಿರಲಿಲ್ಲ. ನನ್ನ ಅಕ್ಷರ ಚೆನ್ನಾಗಿದೆ, ನೀನೇ ತುಂಬು ಎಂದರು. ಉದ್ಯೋಗದ ಜಾಗ ಬಂದಾಗ ಪೆನ್ನು ಸ್ವಲ್ಪ ನಿಂತಿತು. ಉಪ್ಪ ಎದುರಿಗೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಬೀದಿ ಬದಿ ವ್ಯಾಪಾರಿ" ಎಂದು ಬರೆದೆ.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಆದರೆ ಗಾಡಿಯಲ್ಲಿ ಒಂದು ಬದಲಾವಣೆ ಆಗಿದೆ. ಸಾತೇ ಸುಡುವವರು ಮಜ್ಜಿಗೆ ಹುಲ್ಲಿನ ಬುಡವನ್ನು ಜಜ್ಜಿ, ಅದನ್ನೇ ಬ್ರಷ್ ಮಾಡಿಕೊಂಡು ಮಾಂಸಕ್ಕೆ ಎಣ್ಣೆ ಸವರುತ್ತಾರೆ. ಉಪ್ಪ ಅದನ್ನು ವೀಡಿಯೊದಲ್ಲಿ ನೋಡಿದ್ದರು. ನಮ್ಮ ಬಾವಿಕಟ್ಟೆಯ ಬದಿಯಲ್ಲಿ ಮಜ್ಜಿಗೆ ಹುಲ್ಲು ಬೇಕಾದಷ್ಟಿದೆ. ಈಗ ಕೆಂಡದ ಕಬಾಬಿಗೆ ಅದರದ್ದೇ ಪರಿಮಳ. ಸವರುವುದು ಶನಿವಾರ ಮತ್ತು ಭಾನುವಾರ ನನ್ನ ಕೆಲಸ.

ಬಸ್ ನಿಲ್ದಾಣದ ಎದುರು, ಔಷಧದ ಅಂಗಡಿಯ ಪಕ್ಕ, ಹಳದಿ ಬಣ್ಣದ ಗಾಡಿ. ಸಂಜೆ ಆರಕ್ಕೆ ಶುರು. ಶುಕ್ರವಾರ ರಜೆ.